ಎಚ್-4 ವೀಸಾ, ಮೂರು ವರ್ಷದ ಬಿ.ಕಾಂ., 31 ಡಾಲರಿನ ಯೂನಿಟ್ಟು: ಒಂದು ಕಮ್ಯುನಿಟಿ ಕಾಲೇಜ್ ಕೇಸು

ಈ ಕೇಸು ಒಬ್ಬಳೇ ಒಬ್ಬಳದ್ದು, ಹೆಸರು ಹಾಕ್ಬೇಡಿ ಅಕ್ಕ ಅಂದಿದಾಳೆ, ಹಾಕಲ್ಲ. ಶಿವಮೊಗ್ಗದವಳು, ಕುವೆಂಪು ಯೂನಿವರ್ಸಿಟಿ ಬಿ.ಕಾಂ., ಮದುವೆಗೆ ಮುಂಚೆ ಊರಲ್ಲೇ ಒಬ್ಬ ಆಡಿಟರ್ ಹತ್ರ ಕೆಲಸ ಮಾಡ್ತಿದ್ಲು. ಟ್ಯಾಲಿ, ಜಿಎಸ್‌ಟಿ ರಿಟರ್ನು, ಟಿಡಿಎಸ್ಸು, ಅಡಿಕೆ ಮಂಡಿಯವ್ರ ಲೆಕ್ಕ ಎಲ್ಲ ಇವಳ ಕೈಲೇ, ಮಾರ್ಚ್ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಮನೆಗೆ ಹೋಗ್ತಿದ್ದವಳು. ಗಂಡ ಎಚ್-1ಬಿ, ಅಂದ್ರೆ ಕೆಲಸದ ವೀಸಾ, ಸಾಫ್ಟ್‌ವೇರ್. ಇವಳು ಎಚ್-4ನಲ್ಲಿ ಕ್ಯಾಲಿಫೋರ್ನಿಯಾಗೆ ಬಂದ್ಲು, ಸ್ಯಾನ್ ಹೊಸೆ ಪಶ್ಚಿಮದ ಕಡೆ ನಮ್ಮ ಅಪಾರ್ಟ್‌ಮೆಂಟಲ್ಲೇ ಮನೆ, ಜೊತೆಗೆ ಮೂರು ವರ್ಷದ ಮಗಳು.

ಎಚ್-4 ಅಂದ್ರೆ ಗೊತ್ತಲ್ಲ, ಎಚ್-1ಬಿ ಇದ್ದೋರ ಮನೆಯೋರಿಗೆ ಕೊಡೋ ವೀಸಾ, ಇರಬಹುದು, ಓದಬಹುದು, ದುಡಿಯೋ ಹಾಗಿಲ್ಲ. 2015ರ ಮೇ ತಿಂಗಳಿಂದ ಒಂದು ದಾರಿ ಬಿಟ್ಟಿದಾರೆ, ಗಂಡನ (ಅಥವಾ ಹೆಂಡತಿ ಎಚ್-1ಬಿ ಆಗಿದ್ರೆ ಅವಳ) ಗ್ರೀನ್ ಕಾರ್ಡ್ ಪ್ರೋಸೆಸ್‌ನಲ್ಲಿ ಐ-140 (ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿದ್ರೆ ಇವರು ಇಎಡಿಗೆ, ಅಂದ್ರೆ ಕೆಲಸದ ಪರ್ಮಿಟ್ ಕಾರ್ಡಿಗೆ, ಅರ್ಜಿ ಹಾಕ್ಬಹುದು, ಕಾರ್ಡು ಬಂದ್ಮೇಲೆ ಎಲ್ಲಿ ಬೇಕಾದ್ರೂ ಕೆಲಸ. ಆದ್ರೆ ಇವಳ ಗಂಡನ ಕಂಪನಿ ಆಗಿನ್ನೂ ಆ ಪ್ರೋಸೆಸ್ ಶುರುನೇ ಮಾಡಿರಲಿಲ್ಲ. ಯಾವಾಗ ಅಂತಾನೂ ಹೇಳೋ ಹಾಗಿರಲಿಲ್ಲ.

ಸರಿ, ಇಂಥ ಸ್ಥಿತಿಲಿ ಎಲ್ರೂ ಏನ್ ಹೇಳ್ತಾರೆ, "ಮಾಸ್ಟರ್ಸ್ ಮಾಡಮ್ಮ" ಅಂತಾರೆ. ಗಂಡನೂ ಅದನ್ನೇ ಹೇಳಿದ್ದು, ಎಂಬಿಎ ಮಾಡು, ಸಾಲ ತಗೊಳ್ಳೋಣ ಅಂತ. ಅದರ ಲೆಕ್ಕ ಹಿಂಗಿದೆ: ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಕೊಂಡು ಡಿಗ್ರಿ ಮುಗಿಸಿದ್ರೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡೋ ಅವಕಾಶ ಸಿಗುತ್ತೆ, ಸ್ಟೆಮ್ ಡಿಗ್ರಿ (ವಿಜ್ಞಾನ, ಟೆಕ್ನಾಲಜಿ, ಎಂಜಿನಿಯರಿಂಗ್, ಗಣಿತ) ಆದ್ರೆ ಇನ್ನೂ 24 ತಿಂಗಳು ಸೇರುತ್ತೆ, ಅದು ನಿಜವಾದ ಲಾಭ. ಆದ್ರೆ ಎಫ್-1 ಆದ ತಕ್ಷಣ ನೀವು ಹೊರಗಿನೋರು, ಎಷ್ಟು ವರ್ಷ ಇಲ್ಲಿದ್ರೂ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಫೀಸು ಸಿಗಲ್ಲ, ಎಂಬಿಎ ಅಂದ್ರೆ ಹತ್ತಾರು ಸಾವಿರ ಡಾಲರ್, ಅದರ ಮೇಲೆ ಫುಲ್ ಟೈಮ್ ಓದ್ಲೇಬೇಕು, ಮಗುನ ಡೇಕೇರ್‌ಗೆ ಹಾಕಿದ್ರೆ ಅದೇ ಇನ್ನೊಂದು ಬಾಡಿಗೆ. ಇನ್ನೊಂದು ಮುಳ್ಳು, ನಮ್ಮ ಮೂರು ವರ್ಷದ ಬಿ.ಕಾಂ.ನ ಇಲ್ಲಿ ಸುಮಾರು ಯೂನಿವರ್ಸಿಟಿಗಳು ನಾಲ್ಕು ವರ್ಷದ ಬ್ಯಾಚುಲರ್ಸ್‌ಗೆ ಸಮ ಅಂತ ಒಪ್ಪಲ್ಲ. ಇವಳ ಮಾರ್ಕ್ಸ್ ಕಾರ್ಡುಗಳನ್ನ ಹೊರಗಿನ ಡಿಗ್ರಿ ಇಲ್ಲಿ ಯಾವುದಕ್ಕೆ ಸಮ ಅಂತ ಹೇಳೋ ಒಂದು ಇವ್ಯಾಲ್ಯುಯೇಷನ್ ಏಜೆನ್ಸಿಗೆ ಕಳಿಸಿದ್ರೆ "ಮೂರು ವರ್ಷದ ಅಂಡರ್‌ಗ್ರಾಜುಯೇಟ್ ಓದು" ಅಂತಷ್ಟೇ ಬರೆದು ಕೊಟ್ರು. ಏಜೆನ್ಸಿ ಬದಲಾದ್ರೆ ಉತ್ತರನೂ ಬದಲಾಗಬಹುದು ಅನ್ನೋದು ಬೇರೆ ಮಾತು, ಆವತ್ತು ಮಾತ್ರ ಅವಳ ಮುಖ ನೋಡೋಕಾಗ್ತಿರಲಿಲ್ಲ.

ಎಚ್-4ನಲ್ಲೇ ಇದ್ಕೊಂಡು ಕಮ್ಯುನಿಟಿ ಕಾಲೇಜಿಗೆ, ಅಂದ್ರೆ ಎರಡು ವರ್ಷದ ಸರ್ಕಾರಿ ಕಾಲೇಜಿಗೆ ಹೋದ್ರೆ ಏನಾಗುತ್ತೆ ಅಂತ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ಕೂತು ಹಾಕಿದ್ವಿ. ಎಚ್-4 ಇದ್ದೋರು ಓದೋಕೆ ವೀಸಾ ಬದಲಾಯಿಸ್ಬೇಕಿಲ್ಲ, ಪಾರ್ಟ್ ಟೈಮ್ ಓದಿದ್ರೂ ನಡಿಯುತ್ತೆ, ಒಂದೇ ಒಂದು ಸಬ್ಜೆಕ್ಟ್ ತಗೊಂಡ್ರೂ ಕೇಳೋರಿಲ್ಲ. ಇನ್ನೂ ದೊಡ್ಡದೇನಂದ್ರೆ ಎಫ್-1 ಥರ ಅಲ್ಲ, ಎಚ್-4 ಇದ್ದೋರು ಕ್ಯಾಲಿಫೋರ್ನಿಯಾಲಿ ಒಂದು ವರ್ಷ ಒಂದು ದಿನ ವಾಸ ಇದ್ದು ಇಲ್ಲೇ ನೆಲೆಸೋ ಉದ್ದೇಶ ಇದೆ ಅಂತ ಕಾಗದಪತ್ರ ತೋರ್ಸಿದ್ರೆ ರೆಸಿಡೆಂಟ್ ಆಗ್ತಾರೆ, ಫೀಸು ರೆಸಿಡೆಂಟ್ ರೇಟಲ್ಲಿ. ಮನೆ ಬಾಡಿಗೆ ಅಗ್ರಿಮೆಂಟಲ್ಲಿ ಹೆಸರು, ಇಲ್ಲಿನ ಡ್ರೈವಿಂಗ್ ಲೈಸೆನ್ಸು, ಗಂಡನ ಜೊತೆ ಜಾಯಿಂಟಾಗಿ ಹಾಕಿದ ಸ್ಟೇಟ್ ಟ್ಯಾಕ್ಸ್ ರಿಟರ್ನು, ಇಂಥವು. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲ ಅಂತ ಹೆದರ್ಕೊಂಡಿದ್ಲು, ಅದು ಇಲ್ದೇನೂ ಅಪ್ಲೈ ಮಾಡಬಹುದು, ಟ್ಯಾಕ್ಸಿಗೆ ಐಟಿಐಎನ್ ಅನ್ನೋ ಟ್ಯಾಕ್ಸ್ ನಂಬರ್ ಸಾಕು. ಬಂದ ಮೊದಲ ವರ್ಷ ಅವಳು ಸುಮ್ನೆ ಕಾದಳು, ಯಾಕಂದ್ರೆ ನಾನ್-ರೆಸಿಡೆಂಟ್ ರೇಟು ಹಲವು ಪಟ್ಟು ಜಾಸ್ತಿ. ಆ ವರ್ಷ ಲೈಬ್ರರಿಗೆ ಹೋಗಿ ಬುಕ್ ಓದ್ಕೊಂಡು ಡ್ರೈವಿಂಗ್ ಕಲ್ತಳು.

ನಮ್ಮ ಹತ್ರ ಇರೋದು ಕ್ಯುಪರ್ಟಿನೋದ ಡಿ ಆಂಜಾ ಕಾಲೇಜು, 1967ರಲ್ಲಿ ಶುರುವಾದದ್ದು, ಪಕ್ಕದ ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜು ಅದರ ಅಕ್ಕ, ಎರಡೂ ಒಂದೇ ಡಿಸ್ಟ್ರಿಕ್ಟು. ಸ್ಟೀವ್ ಜಾಬ್ಸ್ 1984ರಲ್ಲಿ ಮೊದಲ ಮ್ಯಾಕಿಂಟಾಷನ್ನ ಬ್ಯಾಗಿಂದ ತೆಗೆದು ತೋರ್ಸಿದ್ದು ಇದೇ ಕ್ಯಾಂಪಸ್ಸಿನ ಫ್ಲಿಂಟ್ ಸೆಂಟರಲ್ಲಿ, ಆ ಸಭಾಂಗಣನ 2019ರಲ್ಲಿ ಮುಚ್ಚಿದ್ರು. ಇಲ್ಲಿ ಸೆಮಿಸ್ಟರ್ ಅಲ್ಲ, ಕ್ವಾರ್ಟರ್ ಪದ್ಧತಿ, ಹನ್ನೆರಡು ವಾರಕ್ಕೆ ಒಂದು ಕೋರ್ಸ್ ಮುಗಿದೇ ಹೋಗುತ್ತೆ. ಕೋರ್ಸನ್ನ ಯೂನಿಟ್ ಅಂದ್ರೆ ಕ್ರೆಡಿಟ್ ಲೆಕ್ಕದಲ್ಲಿ ಅಳೀತಾರೆ, ಫೀಸು ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್, ಸೆಮಿಸ್ಟರ್ ಕಾಲೇಜುಗಳಲ್ಲಿ ಯೂನಿಟ್‌ಗೆ 46 ಡಾಲರ್, ಆ 46 ಅನ್ನೋದು 2012ರಿಂದ ಏರಿಲ್ಲ ಅಂದ್ರೆ ನಂಬ್ತೀರಾ, ಈ ಊರಲ್ಲಿ ಮೊಟ್ಟೆ ರೇಟ್ ನೋಡಿದೋರಿಗೆ ನಂಬಿಕೆ ಬರಲ್ಲ. 1984ಕ್ಕೆ ಮುಂಚೆ ರೆಸಿಡೆಂಟ್‌ಗಳಿಗೆ ಅದೂ ಇರಲಿಲ್ಲ, ಆ ವರ್ಷ ಯೂನಿಟ್‌ಗೆ 5 ಡಾಲರ್ ಅಂತ ಮೊದಲ ಸಲ ಶುರು ಮಾಡಿದ್ದು.

ಹಿಂದಿನ ಕಥೆ ಸ್ವಲ್ಪ. ಅಮೆರಿಕದಲ್ಲಿ ಈ ಥರದ ಮೊದಲ ಸರ್ಕಾರಿ ಕಾಲೇಜು 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಆದದ್ದು. ಕ್ಯಾಲಿಫೋರ್ನಿಯಾ 1960ರಲ್ಲಿ ಒಂದು ಮಾಸ್ಟರ್ ಪ್ಲಾನ್ ಮಾಡ್ತು, ಹೈಸ್ಕೂಲ್ ಮುಗಿಸಿದೋರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಮೇಲಿನ ಮೂರನೇ ಒಂದು ಭಾಗದೋರು ಸ್ಟೇಟ್ ಯೂನಿವರ್ಸಿಟಿಗೆ, ಉಳಿದ ಯಾರು ಬಂದ್ರೂ ಕಮ್ಯುನಿಟಿ ಕಾಲೇಜು ಬಾಗಿಲು ಹಾಕೋ ಹಾಗಿಲ್ಲ, ಅಲ್ಲಿ ಎರಡು ವರ್ಷ ಓದಿ ಮೇಲಿನ ಎರಡಕ್ಕೂ ಹೋಗಬಹುದು ಅಂತ. ಇವತ್ತು ರಾಜ್ಯದಲ್ಲಿ ಇಂಥ 116 ಕಾಲೇಜಿವೆ. ಅಂದ್ರೆ ಯಾರು ಬಂದ್ರೂ ಸೇರಿಸ್ಕೊಳ್ಳೋದು ಕಾಲೇಜಿನ ಗತಿಗೇಡಲ್ಲ, ಅದನ್ನ ಕಟ್ಟಿದ್ದೇ ಹಂಗೆ.

ಇದನ್ನ ನಮ್ಮೋರಿಗೆ ಹೇಳಿ ನೋಡಿ. ದೀಪಾವಳಿ ಪಾಟ್‌ಲಕ್‌ನಲ್ಲಿ ಇವಳು ಬಾಯ್ತಪ್ಪಿ ಹೇಳಿದ್ದೇ ತಡ, "ಅಯ್ಯೋ, ಅಲ್ಲಿಗಾ, ಮಾರ್ಕ್ಸ್ ಬರದೇ ಇರೋ ಮಕ್ಕಳು ಹೋಗೋದಲ್ವೇನಮ್ಮ ಅದು" ಅಂತ ಒಬ್ಬರು ಆಂಟಿ. ಅವ್ರ ಮಗನೇ ಬೇಸಿಗೆ ರಜೇಲಿ ಅಲ್ಲೇ ಕ್ಯಾಲ್ಕುಲಸ್ ತಗೊಂಡಿದ್ದ, ಹೈಸ್ಕೂಲ್ ಮಕ್ಕಳಿಗೆ ಡ್ಯುಯಲ್ ಎನ್‌ರೋಲ್‌ಮೆಂಟಲ್ಲಿ ಯೂನಿಟ್ ಫೀಸೂ ಇಲ್ಲ ಅಂತ ಕ್ಯುಪರ್ಟಿನೋದ ದೇಸಿ ಅಪ್ಪ ಅಮ್ಮಂದಿರಿಗೆ ಬಾಯಿಪಾಠ. ಮಗನ ಅಪ್ಲಿಕೇಶನ್‌ಗೆ ಆದ್ರೆ ಒಳ್ಳೇ ಕಾಲೇಜು, ಬೇರೆಯೋರ ಮನೆ ಸೊಸೆಗೆ ಆದ್ರೆ ಕಳಪೆ! ಅದೇ ಕಾಲೇಜಲ್ಲಿ ಎರಡು ವರ್ಷ ಸರಿಯಾಗಿ ಓದಿದ ಮಕ್ಕಳಿಗೆ ಟ್ಯಾಗ್ ಅಂತ ಒಂದು ಗ್ಯಾರಂಟಿ ಇದೆ, ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಯುಸಿಗಳಲ್ಲಿ ಯಾವುದಾದ್ರೂ ಒಂದಕ್ಕೆ, ಕೇಳಿದಷ್ಟು ಜಿಪಿಎ, ಕೇಳಿದ ಕೋರ್ಸು ಇದ್ರೆ ಸೀಟು ಖಾತ್ರಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದರಲ್ಲಿಲ್ಲ, ಕೆಲವು ಕ್ಯಾಂಪಸ್ಸಲ್ಲಿ ಎಂಜಿನಿಯರಿಂಗ್ ಥರದ ಮೇಜರ್ ಕೊಡಲ್ಲ, ಆದ್ರೂ ಕಮ್ಮಿನಾ ಅದು? ಹೋಗ್ಲಿ ಬಿಡಿ, ನಮ್ಮ ಕೇಸಿಗೆ ಟ್ಯಾಗ್ ಬೇಕಾಗಿರಲಿಲ್ಲ.

ಮಗಳಿಗೆ ನಾಲ್ಕಾದ್ಮೇಲೆ ಸರ್ಕಾರಿ ಸ್ಕೂಲಿನ ಟಿಕೆ ಸಿಕ್ತು, ಅಂದ್ರೆ ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಫ್ರೀ. ಅಲ್ಲಿಗೆ ಬೆಳಗ್ಗೆ ಹೊತ್ತು ಬಿಡುವಾಯ್ತು. ಸ್ಟೀವನ್ಸ್ ಕ್ರೀಕ್ ರಸ್ತೇಲಿ 23ನೇ ನಂಬರ್ ವಿಟಿಎ ಬಸ್ಸು ಹತ್ತಿದ್ರೆ ಸೀದಾ ಕಾಲೇಜು, ಕಾರು ಗಂಡನಿಗೆ. ಅಪ್ಲಿಕೇಶನ್ ಆನ್‌ಲೈನು, ಅದಕ್ಕೆ ದುಡ್ಡಿಲ್ಲ, ಜಿಮ್ಯಾಟ್ ಇಲ್ಲ, ಟೋಫೆಲ್ ಇಲ್ಲ, ಎಸ್ಸೇ ಇಲ್ಲ, ರೆಕಮೆಂಡೇಶನ್ ಲೆಟರ್ ಇಲ್ಲ. ಮೊದಲ ಕ್ವಾರ್ಟರ್ ತಗೊಂಡಿದ್ದು ಅಕೌಂಟಿಂಗ್ 1ಎ ಒಂದೇ, 5 ಯೂನಿಟ್ಟು, 155 ಡಾಲರ್, ಅದರ ಮೇಲೆ ಹೆಲ್ತ್ ಫೀ ಅದು ಇದು ಸ್ವಲ್ಪ. ಹೋಮ್‌ವರ್ಕ್ ಮಾಡೋ ಸಾಫ್ಟ್‌ವೇರಿನ ಕೋಡು ಮಾತ್ರ ಹೊಟ್ಟೆ ಉರಿಸ್ತು, ಕಾಮರ್ಸ್ ಕೋರ್ಸುಗಳಲ್ಲಿ ಕೆಲವು ಸಲ ಅದೊಂದೇ ಫೀಸಿನಷ್ಟಾಗಿಬಿಡುತ್ತೆ. ಬುಕ್ಕಿಗೆ ಖರ್ಚಿಲ್ಲದ ಕ್ಲಾಸುಗಳಿಗೆ ಷೆಡ್ಯೂಲಲ್ಲಿ ಗುರುತು ಹಾಕಿರ್ತಾರೆ, ಆಮೇಲಾಮೇಲೆ ಅವನ್ನೇ ಹುಡುಕಿ ತಗೊಳ್ತಿದ್ಲು.

"ಅಕ್ಕ, ಇದೆಲ್ಲ ನಂಗೆ ಗೊತ್ತಿರೋದೇ, ಸುಮ್ನೆ ದುಡ್ಡು ದಂಡ" ಅಂತ ಮೊದಲ ವಾರ ಬಂದು ಕೂತ್ಲು. ಡೆಬಿಟ್ಟು ಕ್ರೆಡಿಟ್ಟು ಎಲ್ಲಾ ಕಡೆ ಒಂದೇ, ಅದು ನಿಜ. ಮೂರನೇ ವಾರಕ್ಕೆ ಧಾಟಿ ಬದಲಾಯ್ತು. ಬ್ಯಾಲೆನ್ಸ್ ಶೀಟಲ್ಲಿ ಇಲ್ಲಿ ಕ್ಯಾಶ್ ಎಲ್ಲಕ್ಕಿಂತ ಮೇಲೆ, ನಾವು ಫಿಕ್ಸೆಡ್ ಅಸೆಟ್‌ನಿಂದ ಶುರು ಮಾಡಿ ಕ್ಯಾಶನ್ನ ಕೆಳಗೆ ತರ್ತೀವಿ, ಕೈ ಅಭ್ಯಾಸಕ್ಕೆ ಎಲ್ಲ ತಲೆಕೆಳಗು. ಲಕ್ಷಕ್ಕೆ ಹಾಕೋ ಕಾಮಾ ಕೈಗೆ ಬಂದ್ಬಿಡ್ತಿತ್ತು, ಕ್ವಿಜ್‌ನಲ್ಲಿ ಅದಕ್ಕೇ ಮಾರ್ಕ್ಸ್ ಹೋಯ್ತು. ಆಮೇಲೆ ಇನ್ವೆಂಟರಿ ಚಾಪ್ಟರ್ ಬಂತು ನೋಡಿ.

ಇದನ್ನ ಬಿಡಿಸಿ ಹೇಳ್ಬೇಕು. ಮಂಡೀಲಿ 10 ಮೂಟೆ 5 ಡಾಲರಿನಂತೆ ತಂದ್ರಿ ಅಂದ್ಕೊಳ್ಳಿ, ರೇಟ್ ಏರಿದ್ಮೇಲೆ ಇನ್ನೂ 10 ಮೂಟೆ 7ರಂತೆ. 12 ಮೂಟೆ 10 ಡಾಲರಿಗೆ ಮಾರಿದ್ರಿ, 120 ಬಂತು. ಹಳೇ ಸರಕು ಮೊದಲು ಹೋಯ್ತು ಅಂತ ಬರೆದ್ರೆ ಅಸಲು 50 ಪ್ಲಸ್ 14, ಒಟ್ಟು 64, ಲಾಭ 56. ಕೊನೆಗೆ ಬಂದದ್ದೇ ಮೊದಲು ಹೋಯ್ತು ಅಂತ ಬರೆದ್ರೆ ಅಸಲು 70 ಪ್ಲಸ್ 10, ಒಟ್ಟು 80, ಲಾಭ 40. ಮೂಟೆ ಅವೇ, ದುಡ್ಡು ಅದೇ, ಲಾಭ ಮಾತ್ರ 16 ಡಾಲರ್ ಕಮ್ಮಿ, ಅಷ್ಟಕ್ಕೆ ಟ್ಯಾಕ್ಸೂ ಕಮ್ಮಿ. ಈ ಎರಡನೇದು ಲೈಫೋ, ಇಂಡಿಯಾದ ಅಕೌಂಟಿಂಗ್ ಸ್ಟ್ಯಾಂಡರ್ಡ್ 2ರಲ್ಲಿ ಇದಕ್ಕೆ ಅವಕಾಶವೇ ಇಲ್ಲ, ಬಿ.ಕಾಂ.ನಲ್ಲಿ ಕಾಸ್ಟಿಂಗ್ ಪೇಪರಿಗೆ ಅಂತ ಲೆಕ್ಕ ಮಾಡಿರ್ತೀವಿ ಅಷ್ಟೇ. ಅಮೆರಿಕದಲ್ಲಿ ಕಂಪನಿಗಳು ನಿಜವಾಗ್ಲೂ ಹಂಗೇ ಬರೀತಾರೆ, ಒಂದೇ ಷರತ್ತು, ಟ್ಯಾಕ್ಸಿಗೆ ಲೈಫೋ ಹಾಕಿದ್ರೆ ಷೇರುದಾರರಿಗೆ ತೋರ್ಸೋ ಲೆಕ್ಕದಲ್ಲೂ ಅದನ್ನೇ ಹಾಕ್ಬೇಕು. ಅವಳ ಗ್ರೂಪಲ್ಲಿ ಹತ್ತೊಂಬತ್ತು ವರ್ಷದ ಹುಡುಗರಿಬ್ರು, ಕೆಲಸ ಹೋಗಿ ಲೈನ್ ಬದಲಾಯಿಸ್ತಿದ್ದ ಟೆಕ್ ಕಂಪನಿಯವನೊಬ್ಬ, ವಿಯೆಟ್ನಾಮಿನ ಒಬ್ಬರು ಅಜ್ಜಿ, ಯಾರಿಗೂ ಲೈಫೋ ತಲೆಗೆ ಹತ್ತಲಿಲ್ಲ, ಇವಳು ಅಡಿಕೆ ಮೂಟೆ ಲೆಕ್ಕದಲ್ಲೇ ಬೋರ್ಡ್ ಮೇಲೆ ಬಿಡಿಸಿ ತೋರ್ಸಿದ್ಲು. ಪ್ರೊಫೆಸರು ಕ್ಲಾಸ್ ಆದ್ಮೇಲೆ ಕರೆದು ನೀನು ಹಿಂದೆ ಎಲ್ಲಿ ಕೆಲಸ ಮಾಡ್ತಿದ್ದೆ ಅಂತ ಕೇಳಿದ್ರಂತೆ. ಈ ದೇಶಕ್ಕೆ ಬಂದ್ಮೇಲೆ ಆ ಪ್ರಶ್ನೆ ಕೇಳಿದೋರು ಅವರೇ ಮೊದಲು.

ಅಲ್ಲಿಂದ ಮುಂದೆ 1ಬಿ, 1ಸಿ, ಇಂಟರ್ಮೀಡಿಯೆಟ್ ಅಕೌಂಟಿಂಗ್, ಪರ್ಸನಲ್ ಟ್ಯಾಕ್ಸು, ಹೀಗೆ ಒಂದೊಂದೇ. ಯಾಕೆ ಇವೇ ಅಂದ್ರೆ ಗುರಿ ಸಿಪಿಎ ಪರೀಕ್ಷೆ, ನಮ್ಮ ಸಿಎ ಥರ ಇಲ್ಲಿನ ಲೈಸೆನ್ಸ್ ಪಡೆದ ಅಕೌಂಟೆಂಟ್ ಆಗೋಕೆ. ಇವಳು ಲೆಕ್ಕ ಹಾಕಿದಾಗ ಇದ್ದ ನಿಯಮದ ಪ್ರಕಾರ ಪರೀಕ್ಷೆಗೆ ಕೂರೋಕೆ ಬ್ಯಾಚುಲರ್ಸ್ ಡಿಗ್ರಿ, ಜೊತೆಗೆ 24 ಸೆಮಿಸ್ಟರ್ ಯೂನಿಟ್ ಅಕೌಂಟಿಂಗು, 24 ಯೂನಿಟ್ ಬಿಸಿನೆಸ್ ಸಂಬಂಧಪಟ್ಟದ್ದು ಬೇಕು, ಲೈಸೆನ್ಸಿಗೆ ಒಟ್ಟು 150. ಲೈಸೆನ್ಸ್ ನಿಯಮ ಈಗ ಬದಲಾಗ್ತಾ ಇದೆ, ನೀವು ಓದೋ ಹೊತ್ತಿಗೆ ಲೈಸೆನ್ಸ್ ಕೊಡೋ ರಾಜ್ಯದ ಅಕೌಂಟೆನ್ಸಿ ಬೋರ್ಡಿನ ವೆಬ್‌ಸೈಟ್ ನೋಡ್ಕೊಂಡೇ ಮುಂದುವರೀರಿ. 24 ಸೆಮಿಸ್ಟರ್ ಯೂನಿಟ್ ಅಂದ್ರೆ 36 ಕ್ವಾರ್ಟರ್ ಯೂನಿಟ್. 36 ಇಂಟು 31, 1,116 ಡಾಲರ್. ಪೂರ್ತಿ ಅಕೌಂಟಿಂಗ್ ಭಾಗ ಸೊನ್ನೆಯಿಂದ ಓದಿದ್ರೂ ಟ್ಯೂಷನ್ ಅಷ್ಟೇ! ಅವಳ ಗಂಡ ನೋಡಿದ್ದ ಎಂಬಿಎ ಪ್ರೋಗ್ರಾಮಲ್ಲಿ ಒಂದು ಸಬ್ಜೆಕ್ಟಿಗೇ ಅದಕ್ಕಿಂತ ಜಾಸ್ತಿ ಇತ್ತು.

ಆದ್ರೆ ನಂಗೆ ಕೇಳಿದ್ರೆ ಈ ಕೇಸಿನಲ್ಲಿ ನಿಜವಾಗಿ ಕೈ ಹಿಡಿದದ್ದು ಕಮ್ಮಿ ಫೀಸು ಅಲ್ಲ. ಬಿಟ್ಟು ಮತ್ತೆ ಶುರು ಮಾಡೋಕೆ ಆಗುತ್ತಲ್ಲ, ಅದು. ಎರಡನೇ ವರ್ಷ ಚಳಿಗಾಲದಲ್ಲಿ ಎರಡು ಕೋರ್ಸ್ ಒಟ್ಟಿಗೆ ತಗೊಂಡ್ಲು, ಮಗಳಿಗೆ ಒಂದರ ಹಿಂದೆ ಒಂದು ಜ್ವರ, ಅತ್ತೆಯೋರು ಬರೋದಿತ್ತು ವೀಸಾ ತಡ ಆಯ್ತು, ಕ್ವಾರ್ಟರಿನ ಅರ್ಧಕ್ಕೆ ಒಂದು ಕೈಬಿಟ್ಲು. ಟ್ರಾನ್ಸ್‌ಕ್ರಿಪ್ಟಲ್ಲಿ ಒಂದು ಡಬ್ಲ್ಯೂ, ಅಂದ್ರೆ ಮಧ್ಯ ಬಿಟ್ರು ಅನ್ನೋ ಗುರುತು, ಬಂತು, ಅದು ಜಿಪಿಎಗೆ ಸೇರಲ್ಲ, ಒಂದು ಕೋರ್ಸಿನ ಫೀಸು ಹೋಯ್ತು, ಮುಂದಿನ ಕ್ವಾರ್ಟರಲ್ಲಿ ಮತ್ತೆ ಅದೇ ತಗೊಂಡ್ಲು, ಎ ಬಂತು. ಕ್ವಾರ್ಟರ್ ಶುರುವಾದ ಎರಡು ವಾರದೊಳಗೆ ಬಿಟ್ಟಿದ್ರೆ ಡಬ್ಲ್ಯೂನೂ ಬರ್ತಿರಲಿಲ್ಲ, ದುಡ್ಡೂ ವಾಪಸ್. ಇದನ್ನೇ ಎಫ್-1ನಲ್ಲಿ ಮಾಡಿದ್ರೆ ಫುಲ್ ಟೈಮ್ ಲೆಕ್ಕ ತಪ್ಪಿ ವೀಸಾ ಸ್ಟೇಟಸ್ಸಿಗೇ ಕುತ್ತು, ಸಾಲದ ಕಂತು ಬೇರೆ. ಮನೆ, ಮಗು, ವೀಸಾ ಮೂರೂ ತಲೆ ಮೇಲಿರೋರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎಲ್ಲ ಚಂದ ಅಂತ ಹೇಳ್ತಿಲ್ಲ. ಬೇಕಾದ ಒಂದು ಕೋರ್ಸಿಗೆ ಇಲ್ಲಿ ಟೈಮ್ ಹೊಂದಲಿಲ್ಲ ಅಂತ ದೂರದ ಇನ್ನೊಂದು ಜಿಲ್ಲೆಯ ಕಾಲೇಜಲ್ಲಿ ಆನ್‌ಲೈನ್ ತಗೊಂಡ್ಲು, ಕ್ರೆಡಿಟ್ ಎಲ್ಲಿಂದ ಬಂದ್ರೂ ಬೋರ್ಡಿಗೆ ಒಂದೇ. ಅಲ್ಲಿ ಪಾಠ ಅಂದ್ರೆ ರೆಕಾರ್ಡ್ ಆದ ವಿಡಿಯೋ, ಇಮೇಲ್ ಹಾಕಿದ್ರೆ ವಾರಗಟ್ಟಲೆ ಉತ್ತರ ಇಲ್ಲ, ಕ್ಲಾಸಲ್ಲಿ ಯಾರಿದಾರೆ ಅಂತಾನೇ ಕಾಣಲ್ಲ. ಇನ್ನು ಕ್ಯಾಲಿಫೋರ್ನಿಯಾ ಪೂರ್ತಿ ಆನ್‌ಲೈನ್ ಕ್ಲಾಸುಗಳಿಗೆ ಹಿಡಿದ ಇನ್ನೊಂದು ಪೀಡೆ ಇದೆ, ಸ್ಟೂಡೆಂಟ್ ಏಡ್ ದುಡ್ಡು ಹೊಡೆಯೋಕೆ ಕಳ್ಳರು ಸುಳ್ಳು ಹೆಸರಲ್ಲಿ, ಬಾಟ್ ಇಟ್ಟು ಸೀಟು ತುಂಬಿಸಿಬಿಡ್ತಾರೆ, ನಿಜವಾದ ಸ್ಟೂಡೆಂಟು ವೇಯ್ಟ್‌ಲಿಸ್ಟಲ್ಲಿ. ಉಪಾಯ ಏನಂದ್ರೆ ಮೊದಲ ವಾರ ಬಿಡದೇ ಇರೋದು, ಬರದೇ ಇರೋರನ್ನ ಪ್ರೊಫೆಸರುಗಳು ಕಿತ್ತಾಕಿ, ಕಾಯ್ತಿರೋರಿಗೆ ಕ್ಲಾಸಿಗೆ ಸೇರೋ ಆಡ್ ಕೋಡ್ ಕೊಡ್ತಾರೆ. ಮತ್ತೆ, ಕೌನ್ಸೆಲರ್‌ಗಳು ಹೆಚ್ಚಾಗಿ ಯುಸಿ ಟ್ರಾನ್ಸ್‌ಫರಿನ ಹುಡುಗರ ಕೇಸಲ್ಲಿ ಪಳಗಿದೋರು, ಹೊರದೇಶದ ಡಿಗ್ರಿ, ಎಚ್-4, ಸಿಪಿಎ ಯೂನಿಟ್ಟು ಅಂತ ಗಂಟು ತಗೊಂಡು ಹೋದ್ರೆ ಪಾಪ ಅವರೂ ಹುಡುಕ್ಬೇಕು. ಇವಳು ಬೋರ್ಡಿನ ನಿಯಮದ ಹಾಳೆ ಪ್ರಿಂಟ್ ತೆಗೆದು, ಪ್ರತಿ ಕೋರ್ಸಿನ ಮುಂದೆ ಪೆನ್ಸಿಲಲ್ಲಿ ಟಿಕ್ ಹಾಕ್ಕೊಂಡು ಹೋಗ್ತಿದ್ಲು, ಆಡಿಟರ್ ಆಫೀಸಿನ ಅಭ್ಯಾಸ.

ಟ್ಯಾಕ್ಸ್ ಕೋರ್ಸ್ ಆದ್ಮೇಲೆ ವೀಟಾಗೆ ಸೇರಿದ್ಲು. ಅದು ಅಮೆರಿಕದ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ನಡೆಸೋ ಯೋಜನೆ, ಕಮ್ಮಿ ಆದಾಯದೋರಿಗೆ ವಾಲಂಟಿಯರುಗಳು ಫ್ರೀಯಾಗಿ ರಿಟರ್ನ್ ತುಂಬಿ ಕೊಡೋದು, ಮೊದಲು ಐಆರ್‌ಎಸ್ ಪರೀಕ್ಷೆ ಪಾಸಾಗ್ಬೇಕು. ಸಂಬಳ ಇಲ್ಲದ ಸೇವೆ, ಹಾಗಾಗಿ ಎಚ್-4ಗೆ ಅಡ್ಡಿ ಬರಲಿಲ್ಲ. ಶನಿವಾರ ಒಂದು ಲೈಬ್ರರೀಲಿ ಮೇಜು ಹಾಕ್ಕೊಂಡು ಕೂರೋದು, ಎದುರಿಗೆ ಡಬ್ಲ್ಯೂ-2 ಅನ್ನೋ ವರ್ಷದ ಸಂಬಳದ ಚೀಟಿ ಹಿಡ್ಕೊಂಡ ಜನ. ಅಲ್ಲಿ ರಿಟೈರ್ ಆದ ಸಿಪಿಎ ಒಬ್ಬರು ಇವಳು ತುಂಬಿದ್ದನ್ನ ಚೆಕ್ ಮಾಡ್ತಿದ್ರು. ಅಮೆರಿಕದಲ್ಲಿ ಇವಳ ಕೆಲಸ ಕಣ್ಣಾರೆ ನೋಡಿದ ಮನುಷ್ಯ ಅಂತ ಹೇಳ್ಕೊಳ್ಳೋಕೆ ಒಬ್ರು ಸಿಕ್ಕಿದ್ದು ಅಲ್ಲೇ.

ಅಷ್ಟರಲ್ಲಿ ಗಂಡನ ಐ-140 ಅಪ್ರೂವ್ ಆಯ್ತು, ಇಎಡಿಗೆ ಹಾಕಿದ್ರು, ಕಾದ್ರು, ಬಂತು. ಕಾರ್ಡು ಕೈಗೆ ಬಂದ ದಿನ ಅವಳ ಹತ್ರ ಅಮೆರಿಕದ ಟ್ರಾನ್ಸ್‌ಕ್ರಿಪ್ಟಿತ್ತು, ಇಲ್ಲಿನ ಟ್ಯಾಲಿ ಥರದ ಕ್ವಿಕ್‌ಬುಕ್ಸ್ ಗೊತ್ತಿತ್ತು, ಟ್ಯಾಕ್ಸ್ ಸೀಸನ್ ಅನುಭವ ಇತ್ತು, ಫೋನ್ ಮಾಡಿ ಕೇಳಿದ್ರೆ ಹೌದು ಒಳ್ಳೇ ಹುಡುಗಿ ಅನ್ನೋ ಇಬ್ರು ಇದ್ರು. ಕಾಯೋ ಆ ಕಾಲದಲ್ಲಿ ಓದ್ದೇ ಇದ್ದಿದ್ರೆ ಕಾರ್ಡು ಬಂದ್ಮೇಲೆ ಶುರು ಮಾಡ್ಬೇಕಿತ್ತು.

ಒಂದು ಸಣ್ಣ ಸಿಪಿಎ ಆಫೀಸಲ್ಲಿ ಜನವರಿಯಿಂದ ರಿಟರ್ನ್ ಹಾಕೋ ಕೊನೇ ದಿನ ಏಪ್ರಿಲ್ 15ರವರೆಗೆ ಅಂತ ಸೀಸನಲ್ ಕೆಲಸ ಸಿಕ್ತು. ಅಲ್ಲಿ ಕ್ಲೈಂಟ್‌ಗಳಲ್ಲಿ ಬಹಳಷ್ಟು ನಮ್ಮೋರೇ, ಆ ಆಫೀಸಿಗೆ ತಲೆನೋವಾಗಿದ್ದೇ ಇಂಡಿಯಾದ ಕಾಗದಗಳು. ಇಂಡಿಯಾದ ಬ್ಯಾಂಕ್ ಕೊಡೋ ಬಡ್ಡಿ ಸರ್ಟಿಫಿಕೇಟು ಏಪ್ರಿಲ್‌ನಿಂದ ಮಾರ್ಚ್, ಇಲ್ಲಿನ ರಿಟರ್ನು ಜನವರಿಯಿಂದ ಡಿಸೆಂಬರ್, ಎರಡು ಸರ್ಟಿಫಿಕೇಟ್ ಇಟ್ಕೊಂಡು ತಿಂಗಳ ಲೆಕ್ಕದಲ್ಲಿ ಕತ್ತರಿಸಿ ಜೋಡಿಸ್ಬೇಕು. ಅಲ್ಲಿ ಕಟ್ ಆದ ಟಿಡಿಎಸ್ಸನ್ನ ಇಂಡಿಯಾದ ಟ್ಯಾಕ್ಸ್ ಇಲಾಖೆಯ 26ಎಎಸ್ ಪಟ್ಟೀಲಿ ಹುಡುಕ್ಬೇಕಿತ್ತು. ವರ್ಷದಲ್ಲಿ ಯಾವತ್ತಾದ್ರೂ ಒಂದು ದಿನ ಊರಿನ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದ್ರೆ ಎಫ್‌ಬಾರ್ ಅನ್ನೋ ಹೊರದೇಶದ ಖಾತೆಗಳ ವರದಿ ಹಾಕ್ಬೇಕು, ಇಂಡಿಯಾದ ಮ್ಯೂಚುವಲ್ ಫಂಡ್ ಇದ್ರೆ 8621 ಅಂತ ಇನ್ನೊಂದು ಫಾರ್ಮಿನ ಗೋಳು. ಶಿವಮೊಗ್ಗದ ಆಡಿಟರ್ ಹತ್ರ ಕಲಿತದ್ದು ಅರ್ಧ, ಡಿ ಆಂಜಾದ ಟ್ಯಾಕ್ಸ್ ಕ್ಲಾಸಲ್ಲಿ ಕಲಿತದ್ದು ಅರ್ಧ, ಎರಡೂ ಇದ್ದ ಮನುಷ್ಯ ಆ ಆಫೀಸಲ್ಲಿ ಇವಳೊಬ್ಬಳೇ. ಏಪ್ರಿಲ್ 15 ಆದ್ಮೇಲೂ ಇರು ಅಂದ್ರು.

ಈಗ ಅಲ್ಲೇ ಪಾರ್ಟ್ ಟೈಮ್, ಸಂಜೆ ಒಂದು ಕೋರ್ಸು. ಬಾಕಿ ಇರೋ ಗಂಟು ಆ ಬ್ಯಾಚುಲರ್ಸ್ ಡಿಗ್ರೀದು. ಎರಡು ದಾರಿ ನೋಡ್ತಿದಾಳೆ, ಒಂದು, ಬೋರ್ಡ್ ಒಪ್ಪೋ ಇನ್ನೊಂದು ಏಜೆನ್ಸಿಯಿಂದ ಬಿ.ಕಾಂ. ಮತ್ತೆ ಇವ್ಯಾಲ್ಯುಯೇಟ್ ಮಾಡ್ಸೋದು, ಇನ್ನೊಂದು, ಇಲ್ಲಿನ ಯೂನಿಟ್ಟುಗಳನ್ನ ಹಿಡ್ಕೊಂಡು ಸ್ಟೇಟ್ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಡಿಗ್ರಿ ಮುಗಿಸೋದು. ಮೊದಲನೇದು ಬೇಗ ಆಗುತ್ತೆ, ಉತ್ತರ ಏನ್ ಬರುತ್ತೋ ಗೊತ್ತಿಲ್ಲ. ಎರಡನೇದು ನಿಧಾನ, ಆದ್ರೆ ಯಾರೂ ಇಲ್ಲ ಅನ್ನೋ ಹಾಗಿಲ್ಲ. ನಾನು ಎರಡನೇದು ಅಂತಿದೀನಿ, ಅವಳು "ಮೊದಲು ಇವ್ಯಾಲ್ಯುಯೇಷನ್ ದುಡ್ಡು ಕಟ್ಟಿ ನೋಡ್ತೀನಿ ಅಕ್ಕ, ಬರ್ಲಿಲ್ಲ ಅಂದ್ರೆ ಫಾಲ್‌ಗೆ ಟ್ರಾನ್ಸ್‌ಫರ್ ಹಾಕ್ತೀನಿ" ಅಂತಿದಾಳೆ. ಮಾರ್ಕ್ಸ್ ಕಾರ್ಡಿನ ಸೀಲ್ಡ್ ಕವರಿಗೆ ಅವಳ ತಮ್ಮ ಹೋದ ವಾರ ಕುವೆಂಪು ಯೂನಿವರ್ಸಿಟಿ ಇರೋ ಶಂಕರಘಟ್ಟಕ್ಕೆ ಹೋಗಿ ಅರ್ಜಿ ಕೊಟ್ಟು ಬಂದಿದಾನೆ.